ಊರಿಗೆಲ್ಲ ಮಾವ

ಕೆಂಪು ಬಾಳೆಹಣ್ಣಿನ ವಾಸನೆ ಮೂಗಿಗೆ ಬಿದ್ದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹಸಿವು ಅಂದುಕೊಳ್ಳಬೇಡಿ, ಶುದ್ಧ ಹೊಟ್ಟೆಕಿಚ್ಚು. ಕಲಬುರಗಿಯ ಪೇಟೆಬೀದಿ ಸೂಪರ್ ಮಾರ್ಕೆಟ್‌ನಲ್ಲಿ ನಮ್ಮ ಬಟ್ಟೆ ಅಂಗಡಿಯ ಎದುರಿಗೆ ಒಬ್ಬ ಆಗಾಗ ಕಮಲಾಪುರದ ಹಣ್ಣಿನ ಬಂಡಿ ತಂದು ನಿಲ್ಲಿಸುತ್ತಾನೆ. ಅವನು ಬಂದಿರುವ ದಿನ ನನ್ನ ಗಂಡ ಚಹಾಕ್ಕೆ ಕರೆದರೂ ನಾನು ಅಂಗಡಿಯ ಕಡೆ ಹಾಯುವುದಿಲ್ಲ. ಹೀಗೆ ತಪ್ಪಿಸಿಕೊಂಡು ಓಡಾಡುತ್ತಿದ್ದವಳಿಗೆ ಹೋದ ತಿಂಗಳು ಕೆಲಸದ ಮೇಲೆ ಕಮಲಾಪುರಕ್ಕೇ ಹೋಗಬೇಕಾಯಿತು. ಹಣ್ಣನ್ನು ಕೈಯಲ್ಲಿ ಹಿಡಿಯಬೇಕಾಯಿತು, ಅದೂ ಭಾಗ್ಯಶ್ರೀ ಕೊಟ್ಟದ್ದು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ವರ್ಷಗಳ ಹಿಂದಿನ ಒಂದು ಬೇಸಿಗೆಯ ಮಾತು ಆಗಲಿ.

ಆಗ ನಾನು ವಿಮಾ ಕಂಪನಿಯೊಂದರ ಕಲಬುರಗಿ ಕಚೇರಿಯಲ್ಲಿ ಕ್ಲೇಮು ಕೌಂಟರಿನಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ, ಅದನ್ನು ಮುಚ್ಚಿಟ್ಟು ಏನಾಗಬೇಕು. ಜನ ಗಾಜಿನ ಆಚೆ ನಿಂತು ಹೇಳುತ್ತಾರೆ, ನಾನು ಈಚೆ ಕೂತು ಬರೆದುಕೊಳ್ಳುತ್ತೇನೆ. ನಿಲ್ಲಿಸಿದ್ದ ಗಾಡಿಗೆ ಯಾರೋ ಗುದ್ದಿ ಹೋದರು ಅನ್ನುವವನ ಮೊಣಕೈಯಲ್ಲಿ ತರಚು ಗಾಯ ಇನ್ನೂ ಹಸಿಯಾಗಿರುತ್ತದೆ. ಗೋದಾಮಿಗೆ ಬೆಂಕಿ ಬಿತ್ತು ಅನ್ನುವವನು ಸುಟ್ಟುಹೋದ ಮಾಲಿನ ಹೆಸರುಗಳನ್ನು ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಾನೆ. ಸುಳ್ಳು ಅಂತ ನನಗೆ ಗೊತ್ತಾಗುತ್ತದೆ, ಆದರೆ ಎದ್ದು ಹೋಗಿ ನೋಡಿ ಬರುವ ಹಕ್ಕು ಕೌಂಟರಿನವಳಿಗಿಲ್ಲ. ಠಸ್ಸೆ ಹೊಡೆದು ಮುಂದಿನ ಮೇಜಿಗೆ ದೂಡಬೇಕು. ಕಣ್ಣೆದುರಿಗೇ ಸುಳ್ಳು ಹೇಳಿ, ಮೇಲೆ ನಮಸ್ಕಾರವನ್ನೂ ಮಾಡಿ ಹೋಗುವವರನ್ನು ನೋಡಿ ನೋಡಿ ನನ್ನ ಕೈ ಕಡಿಯುತ್ತಿತ್ತು.

ಮೋಸದ ಕ್ಲೇಮುಗಳ ತನಿಖೆಗೆಂದೇ ಕಲಬುರಗಿಯಲ್ಲಿ ಒಂದು ವಿಭಾಗ ತೆರೆಯುತ್ತಾರೆ, ಇರುವ ಸಿಬ್ಬಂದಿಯಲ್ಲೇ ಕೆಲವರಿಗೆ ತರಬೇತಿ ಕೊಟ್ಟು ಅವರಲ್ಲಿ ಒಬ್ಬರನ್ನು ತನಿಖಾಧಿಕಾರಿ ಮಾಡುತ್ತಾರೆ ಅಂತ ಸುತ್ತೋಲೆ ಬಂದಿದ್ದು ಅದೇ ಹೊತ್ತಿಗೆ. ಹುದ್ದೆ ಒಂದೇ. ಅದು ನನ್ನದೇ ಅಂತ ನಾನು ಮನಸ್ಸಿನಲ್ಲಿ ಕುರ್ಚಿ ಹಾಕಿಕೊಂಡು ಕೂತುಬಿಟ್ಟೆ. ನಮ್ಮ ಅತ್ತೆಗೆ ಹೇಳಿದೆ. ಅವರು ಓಣಿಗೆಲ್ಲ ಹೇಳಿದರು. ಓಣಿಯವರು ನನ್ನನ್ನು ಕಂಡಾಗ, ತನಿಖೆಯವಳು ಬಂದಳು ಅಂತ ತಮ್ಮ ಚೀಲ ಮುಚ್ಚಿಕೊಂಡು ನಗುವಷ್ಟರ ಮಟ್ಟಿಗೆ ಸುದ್ದಿ ಹಬ್ಬಿತು.

ತರಬೇತಿ ನಡೆದದ್ದು ಐವಾನ್-ಎ-ಶಾಹಿ ಅತಿಥಿಗೃಹದ ಹತ್ತಿರ ಬಾಡಿಗೆಗೆ ಹಿಡಿದ ಒಂದು ಮಹಡಿಯಲ್ಲಿ. ಯುಗಾದಿ ಮುಗಿದು ಬಿಸಿಲು ಬಲಿಯುತ್ತಿದ್ದ ಕಾಲ. ನಮ್ಮ ಕಡೆಯ ಬಿಸಿಲನ್ನು ಬೇರೆ ಊರಿನವರಿಗೆ ವಿವರಿಸಲಿಕ್ಕೆ ನಾನು ಹೋಗುವುದಿಲ್ಲ, ಅವರು ನಂಬುವುದಿಲ್ಲ. ಮೆಟ್ಟಿಲಿನ ಕಬ್ಬಿಣದ ಕಂಬಿ ಮುಟ್ಟಲಾಗುತ್ತಿರಲಿಲ್ಲ. ಒಳಗೊಂದು ಹಳೆಯ ಕೂಲರ್ ಇತ್ತು. ಅದನ್ನು ಹಚ್ಚಿದರೆ ಪಾಠ ಕೇಳಿಸುತ್ತಿರಲಿಲ್ಲ, ಆರಿಸಿದರೆ ಉಸಿರು ಸಿಗುತ್ತಿರಲಿಲ್ಲ. ಪಾಠ ಹೇಳಲು ಬಂದವರು ನಂಜುಂಡಯ್ಯ ಸರ್, ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಮೈಸೂರಿನವರು. ಪಾಪ, ಮೊದಲ ವಾರ ಅವರು ಪಾಠ ಮಾಡಿದ್ದಕ್ಕಿಂತ ಬೆವರು ಒರೆಸಿಕೊಂಡಿದ್ದೇ ಹೆಚ್ಚು. ಆದರೆ ಮನುಷ್ಯ ಗಟ್ಟಿ. ಫೋಟೋದಲ್ಲಿ ನೆರಳು ಯಾವ ಕಡೆ ಬಿದ್ದಿದೆ ನೋಡುವುದು, ಆಸ್ಪತ್ರೆಯ ಬಿಲ್ಲಿನಲ್ಲಿ ಒಂದೇ ಕೈ ಎರಡು ಡಾಕ್ಟರರ ಸಹಿ ಮಾಡಿದ್ದನ್ನು ಹಿಡಿಯುವುದು, ಎದುರಿಗಿದ್ದವರ ಬಾಯಿಗೆ ನಮ್ಮ ಮಾತು ತುರುಕದೆ ಹೇಳಿಕೆ ತೆಗೆದುಕೊಳ್ಳುವುದು, ಇದನ್ನೆಲ್ಲ ಅವರು ಕತೆ ಹೇಳಿದಂತೆ ಹೇಳುತ್ತಿದ್ದರು. ನಾನು ಮುಂದಿನ ಸಾಲಿನಲ್ಲಿ ಕೂತು ಕಣ್ಣು ಮಿಟುಕಿಸದೆ ಕೇಳುತ್ತಿದ್ದೆ.

ಭಾಗ್ಯಶ್ರೀ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಕಮಲಾಪುರದವಳು, ಬಾಳೆ ತೋಟದವರ ಮಗಳು. ಕಂಪನಿಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ದಿನಾ ಬಸ್ಸಿನಲ್ಲಿ ಬಂದು ಹೋಗುವಳು, ಬರುವಾಗ ತಲೆಗೆ ದುಪಟ್ಟಾ ಸುತ್ತಿಕೊಂಡು ಕಣ್ಣಷ್ಟೇ ಬಿಟ್ಟುಕೊಂಡಿರುವಳು. ಮೊದಲ ದಿನವೇ ನನ್ನನ್ನು "ಅಕ್ಕಾ" ಅಂದಳು. ಜವಾನನಿಗೆ "ಕಾಕಾ" ಅಂದಳು, ಚಹಾ ತರುವ ಹೆಂಗಸಿಗೆ "ಅತ್ತೀ" ಅಂದಳು, ಮಡಕೆಯಲ್ಲಿ ನೀರು ತುಂಬುವವನಿಗೆ "ಮಾವಾ" ಅಂದಳು. ನಂಜುಂಡಯ್ಯ ಸರ್ ಪಾಠ ನಿಲ್ಲಿಸಿ, ಏನಮ್ಮಾ, ಈ ಕಟ್ಟಡದವರೆಲ್ಲ ನಿಮ್ಮ ಸಂಬಂಧಿಕರೇ ಅಂತ ಕೇಳಿದರು. ಎಲ್ಲರೂ ನಕ್ಕೆವು. ಮುಂದಿನ ಸಾಲಿನವಳು ನಾನಲ್ಲವೇ, ಎದ್ದು ನಿಂತು ವಿವರಿಸಿದೆ: ಇಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಒಂದು ಸಂಬಂಧ ಹಚ್ಚಿಯೇ ಕರೆಯುತ್ತೇವೆ, ರಕ್ತಕ್ಕೂ ಅದಕ್ಕೂ ನಂಟಿಲ್ಲ. ಸರ್ ತಲೆ ಅಲ್ಲಾಡಿಸಿ ಅದನ್ನೇ ಪಾಠ ಮಾಡಿಕೊಂಡರು. ಕ್ಲೇಮು ಹಾಕಿದವರು ನಿಜವಾಗಿಯೂ ನಿಮ್ಮ ಸಂಬಂಧಿಕರಾಗಿದ್ದರೆ, ಇಲ್ಲವೇ ಆಗುವವರಿದ್ದರೆ, ಮೊದಲೇ ಹೇಳಿ ಆ ಪ್ರಕರಣದಿಂದ ಸರಿಯಬೇಕು. ಹೇಳದೆ ಮುಂದುವರಿದವರು ಎಷ್ಟೇ ಜಾಣರಾದರೂ ಈ ಕೆಲಸಕ್ಕೆ ನಾಲಾಯಕ್ಕು ಅಂದರು. "ನಾಲಾಯಕ್ಕು" ಅನ್ನುವ ಮಾತನ್ನು ಅವರು ಇಲ್ಲಿಗೆ ಬಂದು ಕಲಿತಿದ್ದರು, ಅದರ ಮೇಲೆ ಅವರಿಗೆ ಭಾರಿ ಪ್ರೀತಿ.

ಹೊಟ್ಟೆಕಿಚ್ಚು ಶುರುವಾದದ್ದು ಅಭ್ಯಾಸದ ಪಾಠಗಳಿಂದ. ನಮ್ಮಲ್ಲಿ ಒಬ್ಬರು ಸುಳ್ಳು ಕ್ಲೇಮಿನವರಾಗಬೇಕು, ಇನ್ನೊಬ್ಬರು ತನಿಖೆ ಮಾಡಬೇಕು. ನನ್ನ ಸರದಿ ಬಂದಾಗ ನಾನು ಪ್ರಶ್ನೆಗಳನ್ನು ಒಂದರ ಹಿಂದೆ ಒಂದು ಬಿಟ್ಟೆ. ಎಲ್ಲಿದ್ದಿರಿ, ಯಾರಿದ್ದರು, ಯಾಕೆ ತಡ ಮಾಡಿದಿರಿ. ಎದುರಿಗೆ ಕೂತಿದ್ದ ಸಹೋದ್ಯೋಗಿ ಗಾಬರಿಬಿದ್ದು ತಾನು ನಾಟಕ ಮಾಡುತ್ತಿದ್ದೇನೆ ಅನ್ನುವುದನ್ನೇ ಮರೆತ. ನಾನು ಗೆದ್ದೆ ಅಂದುಕೊಂಡೆ. ಸರ್ ಮಾತ್ರ ಕನ್ನಡಕ ತೆಗೆದು, ಸುಜಾತಮ್ಮಾ, ನೀವು ಉತ್ತರವನ್ನು ಕೈಯಲ್ಲಿ ಹಿಡಿದುಕೊಂಡೇ ಪ್ರಶ್ನೆ ಕೇಳುತ್ತೀರಿ, ಅವರು ಹೆದರಿದರು ಅಷ್ಟೇ, ಹೇಳಲಿಲ್ಲ ಅಂದರು.

ಆಮೇಲೆ ಭಾಗ್ಯಶ್ರೀ ಎದ್ದು ಬಂದಳು. ಅವಳು ಪ್ರಶ್ನೆಯನ್ನೇ ಕೇಳಲಿಲ್ಲ. ಕುರ್ಚಿ ಎಳೆದುಕೊಂಡು, ಮನೆಯವರೆಲ್ಲ ಆರಾಮಿದ್ದಾರಾ ಅಂತ ವಿಚಾರಿಸಿ, "ನಿಮ್ಮ ಕೆಂಪು ಗಾಡಿಗಿ ಭಾಳ ಪೆಟ್ಟ ಬಿತ್ತಂತಲ್ರಿ" ಅಂದಳು. ಎದುರಿನವನು ತಕ್ಷಣ, ಕೆಂಪಲ್ಲ ನೀಲಿ ಅಂದ. "ಹೌದೇನ್ರಿ, ನಮ್ಮವರು ಕೆಂಪಂದ್ರು. ಸೇಡಂ ರೋಡಿಗಿ ಆತಂತಲ್ಲ?" ಸೇಡಂ ರಸ್ತೆಯಲ್ಲ, ಹುಮನಾಬಾದ್ ರಸ್ತೆ ಅಂದ. ಹೀಗೆ ಅವಳು ತಪ್ಪು ತಪ್ಪು ಹೇಳುತ್ತಾ ಹೋದಳು, ಅವನು ತಿದ್ದುತ್ತಾ ಹೋದ. ಕೊನೆಗೆ ಗಾಡಿ ಓಡಿಸುತ್ತಿದ್ದವನು ತಾನಲ್ಲ, ಲೈಸೆನ್ಸ್ ಇಲ್ಲದ ತನ್ನ ಭಾವಮೈದುನ ಅನ್ನುವುದನ್ನೂ ತಿದ್ದುಪಡಿಯ ಹುರುಪಿನಲ್ಲೇ ಹೇಳಿಬಿಟ್ಟ. ಕೂಲರ್ ಸದ್ದಿನಲ್ಲೂ ನಮ್ಮ ನಗು ಕೆಳಗಿನ ಅಂಗಡಿಯವರೆಗೆ ಕೇಳಿತಂತೆ. ಸರ್ ಮೇಜು ಕುಟ್ಟಿ ಭೇಷ್ ಅಂದರು. ಇದನ್ನು ಎಲ್ಲಿ ಕಲಿತೆ ಅಂತ ಕೇಳಿದ್ದಕ್ಕೆ ಅವಳು, "ಕಲಿಯೂದೇನದ ಸರ್. ಮಂದಿ ಕೇಳಿದ್ದಕ್ಕ ಹೇಳಾಂಗಿಲ್ಲ, ತಪ್ಪ ಹೇಳಿದ್ರ ತಡಕೊಳ್ಳಾಂಗಿಲ್ಲ" ಅಂದಳು.

ಅವಳು ಹೇಳಿದ್ದು ನಿಜ. ನಮ್ಮ ಕಡೆಯವರ ಗುಣವೇ ಅದು. ಬಸ್ಸಿನಲ್ಲಿ ಯಾರೋ ಯಾರಿಗೋ ತಪ್ಪು ದಾರಿ ಹೇಳುತ್ತಿದ್ದರೆ ಅರ್ಧ ಬಸ್ಸು ಹಿಂದಿರುಗಿ ತಿದ್ದುತ್ತದೆ. ಹುಟ್ಟಿದಾಗಿನಿಂದ ಇದೇ ಊರಿನಲ್ಲಿದ್ದ ನನಗೆ ಅದು ಹೊಳೆಯಲಿಲ್ಲ, ಹಿಂದಿನ ಸಾಲಿನ ಹುಡುಗಿಗೆ ಹೊಳೆಯಿತು.

ಅಲ್ಲಿಂದ ಮುಂದೆ ನಾನು ಪಾಠ ಕೇಳುವುದಕ್ಕಿಂತ ಅವಳನ್ನು ನೋಡುವುದೇ ಹೆಚ್ಚಾಯಿತು. ಅವಳು ರೊಟ್ಟಿಯ ಜೊತೆಗೆ ತಂದ ಶೇಂಗಾ ಹಿಂಡಿ ಚಟ್ನಿಯನ್ನು ಸರ್ ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಮರುದಿನ ನಾನು ಅತ್ತೆಯನ್ನು ಬೆಳಗ್ಗೆ ಬೇಗ ಎಬ್ಬಿಸಿ ಹೋಳಿಗೆ ಮಾಡಿಸಿಕೊಂಡು ಹೋದೆ. ಸರ್ ತಮಗೆ ಸಕ್ಕರೆ ಕಾಯಿಲೆ ಅಂತ ಮುಟ್ಟಲಿಲ್ಲ. ಭಾಗ್ಯಶ್ರೀ ತಿಂದು, "ಅಕ್ಕಾ, ನಿಮ್ಮ ಕೈ ರುಚಿ ಭಾರಿ ಅದ ರೀ" ಅಂದಳು. ಅವಳು ನಿಜವಾಗಿಯೇ ಹೊಗಳಿದಳು, ಅದು ಇನ್ನೂ ಕೆಟ್ಟದ್ದು. ಹೊಟ್ಟೆಕಿಚ್ಚು ಪಡಲಿಕ್ಕಾದರೂ ಎದುರಿನವರು ಸ್ವಲ್ಪ ಸೊಕ್ಕಿನವರಾಗಿದ್ದರೆ ಎಷ್ಟು ಅನುಕೂಲ.

ಅವಳ ಉಪಾಯವನ್ನು ಮನೆಯಲ್ಲಿ ಪ್ರಯೋಗ ಮಾಡಿ ನೋಡಿದೆ. ಗಂಡ ಊಟಕ್ಕೆ ಕೂತಾಗ, ಇವತ್ತು ಅಂಗಡಿ ಬೇಗ ಮುಚ್ಚಿ ಸಿನಿಮಾಕ್ಕೆ ಹೋಗಿದ್ದಿರಂತೆ ಅಂದೆ. ಅವರು ಹೂಂ ಅಂದರು. ಹೋಗಿರಲಿಲ್ಲ ಅಂತ ನನಗೆ ಗೊತ್ತು, ಅಂಗಡಿಯ ಹುಡುಗ ಆಗ ತಾನೇ ಬೀಗದ ಕೈ ಕೊಟ್ಟು ಹೋಗಿದ್ದ. ಯಾವ ಸಿನಿಮಾ ಅಂತ ಕೇಳಿದರೆ ಪಲ್ಯ ಬಡಿಸು ಅಂದರು. ನಾನು ಏನಂದರೂ ಹೂಂ ಅನ್ನುವ ಮನುಷ್ಯನನ್ನು ಕಟ್ಟಿಕೊಂಡವಳು ಈ ವಿದ್ಯೆ ಕಲಿಯುವುದು ಹೇಗೆ.

ವೈಶಾಖ ಮುಗಿಯುವ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು, ಹುದ್ದೆ ನಮ್ಮಿಬ್ಬರಲ್ಲಿ ಒಬ್ಬರಿಗೆ ಅಂತ. ಕಾಗದ ಓದುವುದರಲ್ಲಿ, ಫೋಟೋ ನೋಡುವುದರಲ್ಲಿ, ವರದಿ ಬರೆಯುವುದರಲ್ಲಿ ನಾನು ಮುಂದೆ. ಮಾತಾಡಿಸುವುದರಲ್ಲಿ ಅವಳು. ಕೊನೆಯ ಪರೀಕ್ಷೆಯಾಗಿ ನಿಜವಾದ ಕ್ಲೇಮೊಂದನ್ನು ನಮ್ಮಿಬ್ಬರಿಗೂ ಒಟ್ಟಿಗೇ ಕೊಟ್ಟು, ನಾನೂ ಜೊತೆಗಿದ್ದು ನೋಡುತ್ತೇನೆ ಅಂದರು ಸರ್. ಆ ಕ್ಲೇಮು ಕಮಲಾಪುರದ್ದು. ನನ್ನ ನಸೀಬು ನೋಡಿ, ಅವಳ ಊರೇ ಬರಬೇಕೇ.

ಅದು ಎಮ್ಮೆಯ ವಿಮೆ. ಕಮಲಾಪುರದ ಗುರುಲಿಂಗಪ್ಪ ಅನ್ನುವವರು ತಮ್ಮ ಎಮ್ಮೆ ಸತ್ತಿತೆಂದು ಕ್ಲೇಮು ಹಾಕಿದ್ದರು. ವಿಮೆ ಮಾಡಿಸಿದ ದನಕ್ಕೆ ನಂಬರ್ ಇರುವ ಹಳದಿ ಓಲೆಯೊಂದನ್ನು ಕಿವಿಗೆ ಚುಚ್ಚಿರುತ್ತಾರೆ. ಸತ್ತ ಎಮ್ಮೆಯ ಫೋಟೋದಲ್ಲಿ ಆ ಓಲೆ ಇತ್ತು, ನಂಬರೂ ಸರಿಯಿತ್ತು. ಆದರೆ ಓಲೆಯ ಸುತ್ತ ಕಿವಿಯ ಚರ್ಮ ಹೊಸದಾಗಿ ಚುಚ್ಚಿದಂತೆ ಕಾಣುತ್ತದೆ ಅಂತ ಮೊದಲು ಹೇಳಿದವಳು ನಾನು. ಇದನ್ನು ಒತ್ತಿ ಹೇಳುತ್ತೇನೆ, ನಾನು. ಜೀಪಿನಲ್ಲಿ ಫೋಟೋ ಕೈಯಿಂದ ಕೈಗೆ ಹೋಯಿತು. ಭಾಗ್ಯಶ್ರೀ ಅದನ್ನು ಬಹಳ ಹೊತ್ತು ನೋಡಿ ಏನೂ ಹೇಳದೆ ಹಿಂದಕ್ಕೆ ಕೊಟ್ಟಳು. ಅವಳಿಗೆ ಏನೂ ಕಾಣಿಸಲಿಲ್ಲ ಅಂತ ನನಗೆ ಒಳಗೊಳಗೇ ಖುಷಿ.

ಕಮಲಾಪುರದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಜೀಪಿನಿಂದ ಮನೆಯವರೆಗೆ ಭಾಗ್ಯಶ್ರೀಯನ್ನು ಮಾತಾಡಿಸದವರೇ ಇಲ್ಲ. ಇವಳು ಕಾಕಾ, ಅಣ್ಣಾ, ಅತ್ತೀ ಅನ್ನುತ್ತಾ ನಡೆದಳು. ಗುರುಲಿಂಗಪ್ಪ ಬಾಗಿಲಲ್ಲೇ ನಿಂತಿದ್ದರು. ಬಿಳಿ ಧೋತರ, ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ. ದಾರಿಯಲ್ಲಿ ಹೋಗುವವನೊಬ್ಬ ಅವರಿಗೆ, "ಮಾವಾ, ಮಂದಿ ಬಂದಾರಲ್ಲ" ಅಂದ. ಚಹಾ ತಂದ ಪಕ್ಕದ ಮನೆಯ ಹೆಂಗಸೂ ಮಾವ ಅಂದಳು. ಭಾಗ್ಯಶ್ರೀ ಕೂಡ "ಮಾವಾ, ಆರಾಮಿದ್ದೀರಿ?" ಅಂತ ಅವರ ಕಾಲಿಗೆ ಬಗ್ಗಿದಳು. ಸರ್ ಅದನ್ನು ಕಂಡರು. ಅವರು ಕಂಡದ್ದನ್ನು ನಾನು ಕಂಡೆ.

ಮೊದಲು ನಾನು ಕೇಳಿದೆ. ಎಮ್ಮೆ ಯಾವಾಗ ಕಾಯಿಲೆ ಬಿತ್ತು, ಯಾವ ಡಾಕ್ಟರ್ ಬಂದರು, ಎಲ್ಲಿ ಹೂತಿರಿ. ಗುರುಲಿಂಗಪ್ಪ ಪ್ರತಿಯೊಂದಕ್ಕೂ ನಿಧಾನವಾಗಿ, ಕೈಮುಗಿದು, ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲದೆ ಹೇಳಿದರು. ಗೋಡೆಗೆ ಗುದ್ದಿದಂತಾಯಿತು. ಓಲೆಯ ಗಾಯದ ಬಗ್ಗೆ ಕೇಳಿದರೆ, ನೊಣ ಕೂತು ಹುಣ್ಣಾಗಿತ್ತು ಅಂದರು.

ಅಷ್ಟರಲ್ಲಿ ಭಾಗ್ಯಶ್ರೀ ಎದ್ದು ಅಡುಗೆ ಮನೆಗೆ ಹೋದಳು. ನಾನೂ ಹಿಂದೆಯೇ ಹೋದೆ, ಅವಳೊಬ್ಬಳನ್ನೇ ಬಿಡುವವಳಲ್ಲ ನಾನು. ಗುರುಲಿಂಗಪ್ಪನವರ ಹೆಂಡತಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಭಾಗ್ಯಶ್ರೀ ಅವರ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಹಿಟ್ಟಿನ ಮೇಲೆ ಕಣ್ಣಿಟ್ಟು, "ಅತ್ತೀ, ಹೋಗಲಿ ಬಿಡ್ರಿ. ಒಂದ ಕೊಂಬ ಮುರದ ಎಮ್ಮಿ, ಹಾಲೂ ಅಷ್ಟಕ್ಕಷ್ಟೇ ಇತ್ತಂತ" ಅಂದಳು.

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. "ಯಾರಂದ್ರವಾ ಹಂಗಂತ? ನಮ್ಮ ಎಮ್ಮಿ ಕೊಂಬ ಯಾಕ ಮುರೀತದ? ಎರಡೂ ಕೊಂಬ ಬಳಿ ಹಾಂಗ ಸುತ್ತಿದ್ವು. ಅದರ ಹಾಲಿನ ಪಾಯಸ ನೀನೇ ಕುಡದು ಹೋಗೀದಿ, ಈಗ ಹಿಂಗಂತಿ?"

ಫೋಟೋದಲ್ಲಿದ್ದ ಸತ್ತ ಎಮ್ಮೆಗೆ ಎಡಗೊಂಬು ಮುರಿದಿತ್ತು. ಇವರ ಎಮ್ಮೆಯ ಓಲೆಯನ್ನು ತೆಗೆದು ಬೇರೆ ಯಾರದೋ ಸತ್ತ ಎಮ್ಮೆಯ ಕಿವಿಗೆ ಚುಚ್ಚಿದ್ದರು. ಹೊರಗೆ ಪಡಸಾಲೆಯಲ್ಲಿ ಎಲ್ಲರಿಗೂ ಆ ಮಾತು ಕೇಳಿಸಿತು. ಗುರುಲಿಂಗಪ್ಪ ತಲೆ ತಗ್ಗಿಸಿದರು. ಆಮೇಲೆ ಎಮ್ಮೆ ಬೇರೆ ಹಳ್ಳಿಯಲ್ಲಿ ನೆಂಟರ ಕೊಟ್ಟಿಗೆಯಲ್ಲಿ ಕಟ್ಟಿದೆ ಅನ್ನುವುದೂ ಹೊರಬಿತ್ತು. ಅವರ ಹೆಂಡತಿಗೆ ತಾವು ಆಡಿದ್ದೇನು ಅಂತ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಗಂಡನನ್ನು ನೋಡಲಿಲ್ಲ, ನನ್ನನ್ನು ನೋಡಲಿಲ್ಲ, ಭಾಗ್ಯಶ್ರೀಯನ್ನೇ ನೋಡಿದರು. ನಾನೂ ಅವಳನ್ನೇ ನೋಡುತ್ತಿದ್ದೆ. ಎಂಥ ಗಟ್ಟಿಗಿತ್ತಿ, ಒಂದೇ ಒಂದು ತಪ್ಪು ಮಾತಿನಲ್ಲಿ ಮುಗಿಸಿಬಿಟ್ಟಳಲ್ಲ ಅಂತ ನನ್ನ ಎದೆ ಕುದಿಯುತ್ತಿತ್ತು. ಆ ಕುದಿತದಲ್ಲಿ ಪಾಯಸದ ಮಾತು ನನ್ನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ವಾಪಸ್ಸು ಹೊರಟಾಗ ಊರ ಹೊರಗೆ ರಸ್ತೆ ಬದಿಯಲ್ಲಿ ಜೀಪು ನಿಲ್ಲಿಸಿದರು. ಕೆಂಪು ಬಾಳೆಹಣ್ಣಿನ ಗೊನೆಗಳನ್ನು ತೂಗುಹಾಕಿದ್ದ ಅಂಗಡಿ. ಭಾಗ್ಯಶ್ರೀ ಹಣ್ಣು ಆರಿಸಲು ಹೋದಳು. ಸರ್ ನನ್ನನ್ನು ಬೇವಿನ ಮರದ ನೆರಳಿಗೆ ಕರೆದರು. ಅವರ ಅಂಗಿ ಬೆನ್ನಿಗೆ ಅಂಟಿತ್ತು.

"ಸುಜಾತಮ್ಮಾ, ನೀವು ಈ ಕಡೆಯವರು, ನಿಮ್ಮನ್ನೇ ಕೇಳುತ್ತೇನೆ. ಆಕೆ ಅವರನ್ನು ಮಾವ ಅಂದಳು, ಕಾಲಿಗೆ ಬಿದ್ದಳು. ಅವರು ಆಕೆಗೆ ಸಂಬಂಧವೇ? ಸಂಬಂಧವಿದ್ದು ಹೇಳದೆ ಬಂದಿದ್ದರೆ ನಾನು ಆಕೆಯ ಹೆಸರು ಬರೆಯುವ ಹಾಗಿಲ್ಲ."

ಆ ನೆರಳು, ಆ ಹಣ್ಣಿನ ವಾಸನೆ ನನಗೆ ಹಾಗೇ ನೆನಪಿದೆ. ನಾನು ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ನನಗೆ ಗೊತ್ತಿಲ್ಲ ಸರ್, ವಿಚಾರಿಸಿ ನೋಡಿ ಅಂದಿದ್ದರೆ ಸಾಕು. ಇಲ್ಲವೇ ಸುಮ್ಮನೆ ನೆಲ ನೋಡಿದ್ದರೂ ಸಾಕಾಗಿತ್ತು. ಹುದ್ದೆ ತಾನಾಗಿ ನನ್ನ ಮಡಿಲಿಗೆ ಬೀಳುತ್ತಿತ್ತು. ಅಂಗಡಿಯ ಹತ್ತಿರದಿಂದ ಭಾಗ್ಯಶ್ರೀ ನಮ್ಮ ಕಡೆ ನೋಡುತ್ತಿದ್ದಳು. ಕೈಯಲ್ಲಿ ಹಣ್ಣಿನ ಚಿಪ್ಪು ಹಾಗೇ ಇತ್ತು. ಅವಳ ಮೇಲೆ ನನಗಿದ್ದ ಕಿಚ್ಚು ಸಣ್ಣದಾಗಿರಲಿಲ್ಲ. ಆದರೆ ಮೊದಲ ದಿನ ಎದ್ದು ನಿಂತು ನಮ್ಮ ಜನರ ಮಾತಿನ ರೀತಿ ವಿವರಿಸಿದವಳೂ ನಾನೇ. ಅವಳನ್ನು ಸೋಲಿಸುವುದಾದರೆ ವಿದ್ಯೆಯಲ್ಲಿ ಸೋಲಿಸಬೇಕು, ಮಾವ ಅನ್ನುವ ಒಂದು ಶಬ್ದದಲ್ಲಿ ಅಲ್ಲ. ಮೈಸೂರಿನವರ ಮುಂದೆ ನಮ್ಮ ಊರಿನ ಮಾತಿಗೆ ಕಳಂಕ ಬರುವುದನ್ನೂ ನಾನು ಸಹಿಸಲಾರೆ.

"ಸರ್, ಅವರು ಊರಿಗೆಲ್ಲ ಮಾವ. ದಾರಿಯಾಗ ಹೋಗುವವರೂ ಹಂಗೇ ಕರದ್ರಲ್ರೀ, ನೀವೂ ಕೇಳೀರಿ. ಆಕಿ ಸಂಬಂಧದವರಾದ್ರ ಅವರ ಕ್ಲೇಮು ಮುರೀತಿದ್ಲೇನ್ರಿ?"

ಕೊನೆಯ ಮಾತು ಸರ್‌ಗೆ ಸರಿ ಅನ್ನಿಸಿತು. ಹೌದಲ್ಲ ಅಂದರು. ಅಲ್ಲಿಗೆ ನನ್ನ ಕುರ್ಚಿಯನ್ನು ನಾನೇ ಎತ್ತಿ ಅವಳಿಗೆ ಕೊಟ್ಟಂತಾಯಿತು. ಜೀಪು ಹತ್ತಿದ ಮೇಲೆ ಭಾಗ್ಯಶ್ರೀ ಒಂದು ಹಣ್ಣು ಬಿಡಿಸಿ ನನ್ನ ಕೈಯಲ್ಲಿಟ್ಟಳು. ನಾನು ಅದನ್ನು ಮಡಿಲಲ್ಲೇ ಇಟ್ಟುಕೊಂಡು ಕಲಬುರಗಿಯವರೆಗೆ ಬಂದೆ. ಬಿಸಿಗೆ ಹಣ್ಣು ಕಳಿತು ಸೀರೆಗೆಲ್ಲ ವಾಸನೆ ಹತ್ತಿತು.

ಮೊದಲ ಮಳೆ ಬಂದ ವಾರ ಆದೇಶವೂ ಬಂತು, ಭಾಗ್ಯಶ್ರೀಯ ಹೆಸರಿನಲ್ಲಿ. ಕಚೇರಿಯಲ್ಲಿ ಪೇಢೆ ಹಂಚಿದರು. ನಾನು ತಿಂದೆ, ಕೈ ಕುಲುಕಿದೆ, ಶರಣಬಸವೇಶ್ವರ ಗುಡಿಗೆ ಹೋಗಿ ಕಾಯಿ ಒಡೆಸಿ ಬರೋಣ ಅಂತ ಅವಳು ಕರೆದಾಗ ಜೊತೆಗೆ ಹೋಗಿಯೂ ಬಂದೆ. ಅಲ್ಲಿ ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಳು. ಕಣ್ಣಂಚಿನಲ್ಲಿ ನೀರಿತ್ತು. ಗೆದ್ದವರ ಕಣ್ಣೀರು ನೋಡಿ ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದು ಅತ್ತೆಗೆ, ಆ ಕೆಲಸ ಹೆಂಗಸರಿಗಲ್ಲ ಬಿಡ್ರಿ ಅಂದೆ. ಸಿಕ್ಕವಳೂ ಹೆಂಗಸೇ ಅಂತ ಅತ್ತೆಗೆ ಗೊತ್ತಿತ್ತು. ಅವರು ತಿದ್ದಲಿಲ್ಲ.

ವರ್ಷಗಳು ಹೋದವು. ಅವಳು ತನಿಖಾಧಿಕಾರಿಯಾಗಿ ಹೆಸರು ಮಾಡಿದಳು. ಈಗ ಹೊಸ ತಂಡಗಳಿಗೆ ಪಾಠವನ್ನೂ ಅವಳೇ ಹೇಳುತ್ತಾಳೆ, ಅದೇ ಮಹಡಿಯಲ್ಲಿ, ಹೊಸ ಕೂಲರಿನ ಮುಂದೆ. ಮದುವೆ ಮಾತ್ರ ಆಗಿಲ್ಲ. ಯಾಕೆ ಅಂತ ನಾನು ಕೇಳಿರಲಿಲ್ಲ. ಕೆಲಸವೇ ಅವಳಿಗೆ ಗಂಡ ಅಂತ ಕಚೇರಿಯಲ್ಲಿ ಆಡಿಕೊಳ್ಳುವಾಗ ನಾನೂ ಒಂದು ಮಾತು ಸೇರಿಸುತ್ತಿದ್ದೆ.

ಇನ್ನು ಹೋದ ತಿಂಗಳ ಮಾತು. ಕಮಲಾಪುರದಲ್ಲಿ ವಿಮಾ ಶಿಬಿರ ಇತ್ತು, ನನ್ನನ್ನು ಅರ್ಜಿ ತೆಗೆದುಕೊಳ್ಳಲು ಕಳಿಸಿದ್ದರು. ಸಂಜೆ ಬಸ್ಸಿಗೆ ನಿಂತಿದ್ದಾಗ ಭಾಗ್ಯಶ್ರೀಯ ಜೀಪು ಬಂತು. ಅಕ್ಕಾ ಬರ್ರಿ ಅಂದಳು. ಊರ ಹೊರಗೆ ಅದೇ ಹಣ್ಣಿನ ಅಂಗಡಿ, ಅದೇ ಬೇವಿನ ಮರ. ಡ್ರೈವರ್ ಚಹಾ ಕುಡಿಯಲು ಹೋದ. ನಾವಿಬ್ಬರೂ ಇಳಿದು ನಿಂತೆವು. ಅವಳು ಅಂಗಡಿಯವನನ್ನು ಕಾಕಾ ಅಂದಳು, ಹಾಲಿನ ಕ್ಯಾನು ಹೊತ್ತು ಹೋಗುವವನನ್ನು ಅಣ್ಣಾ ಅಂದಳು. ಯಾವುದೂ ಬದಲಾಗಿರಲಿಲ್ಲ.

ಆಗ ಗುರುಲಿಂಗಪ್ಪ ಕೋಲೂರಿಕೊಂಡು ಆ ಕಡೆಯಿಂದ ಬಂದರು. ಮುದುಕರಾಗಿದ್ದರು, ಆದರೆ ಧೋತರ ಅಷ್ಟೇ ಬಿಳುಪು. ಅಂಗಡಿಯವನು, "ಬರ್ರಿ ಮಾವಾ" ಅಂದ. ಹಾಲಿನವನೂ ಮಾವ ಅಂದ. ಭಾಗ್ಯಶ್ರೀ ಕೈ ಜೋಡಿಸಿ, "ನಮಸ್ಕಾರ್ರೀ" ಅಂದಳು. ಅಷ್ಟೇ. ಅವರು ತಲೆ ಆಡಿಸಿ ಮುಂದೆ ಹೋದರು.

ಕಂಡಕಂಡವರಿಗೆಲ್ಲ ಸಂಬಂಧ ಹಚ್ಚುವ ಈ ಹುಡುಗಿಯ ಬಾಯಲ್ಲಿ ಆ ಒಬ್ಬ ಮನುಷ್ಯನಿಗೆ ಮಾತ್ರ ಸಂಬಂಧ ಇರಲಿಲ್ಲ. ಊರೆಲ್ಲ ಇವತ್ತಿಗೂ ಮಾವ ಅನ್ನುವವರನ್ನು ಇವಳೊಬ್ಬಳು ಬಿಟ್ಟಿದ್ದಳು. ಸುಮ್ಮನೆ ಬಾಯಿಮಾತಿನ ಮಾವನಾಗಿದ್ದರೆ ಬಿಡುವುದೇನಿತ್ತು? ನನಗೆ ಪಾಯಸದ ಮಾತು ನೆನಪಾಯಿತು. ಜೀಪಿನಲ್ಲಿ ಅವಳು ಆ ಫೋಟೋವನ್ನು ನೋಡಿದ ರೀತಿ ನೆನಪಾಯಿತು. ನೇರವಾಗಿ ಕೇಳಬಾರದು ಅಂತ ಗೊತ್ತಿತ್ತು. ನಾನು ಗೊನೆಯ ಮೇಲೆ ಕಣ್ಣಿಟ್ಟು, ಏನೂ ಅಲ್ಲದ ಮಾತಿನಂತೆ ಅಂದೆ:

"ಗುರುಲಿಂಗಪ್ಪನವರು ನಿಮ್ಮ ಅವ್ವನ ತಮ್ಮ ಅಂತಲ್ಲಾ? ಖಾಸ ಸೋದರಮಾವ."

"ಅವ್ವನ ತಮ್ಮ ಅಲ್ರೀ ಅಕ್ಕಾ, ಅವರ ಮಗನ ಕೂಡ ನಂದು ಮಾತ ಮುಗದಿ..."

ಅಲ್ಲಿಗೆ ನಿಂತಳು. ಅರ್ಧ ಸುಲಿದ ಹಣ್ಣು ಕೈಯಲ್ಲೇ ಇತ್ತು. ನಾನು ಅವಳ ಮುಖ ನೋಡಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಅವಳು ನಕ್ಕಳು.

"ಕಲತಿ ಅಕ್ಕಾ" ಅಂದಳು. ನನ್ನ ಜೊತೆ ರೀ ಬಿಟ್ಟು ಮಾತಾಡಿದ್ದು ಅದೇ ಮೊದಲು.

ಆಮೇಲೆ ತಾನಾಗಿಯೇ ಹೇಳಿದಳು. ಆ ಬೇಸಿಗೆಯ ಹಿಂದಿನ ದೀಪಾವಳಿಗೆ ನಿಶ್ಚಯದ ಮಾತು ಮುಗಿದಿತ್ತು, ಮುಂದಿನ ಕಾರ್ತಿಕದಲ್ಲಿ ಮದುವೆ ಅಂತ ಇತ್ತು. ಆ ಮನೆಯ ಎಮ್ಮೆಗೆ ಇವಳೇ ಹುಲ್ಲು ತಿನ್ನಿಸಿದ್ದಳು. ಹಾಗಾಗಿ ಫೋಟೋ ನೋಡಿದ ಕೂಡಲೇ ಇದು ಆ ಎಮ್ಮೆಯಲ್ಲ ಅಂತ ಗೊತ್ತಾಯಿತು. ಗೊತ್ತು ಅಂದರೆ ಹೇಗೆ ಗೊತ್ತು ಅನ್ನುವುದನ್ನೂ ಹೇಳಬೇಕು, ಹೇಳಿದರೆ ಪರೀಕ್ಷೆಯಿಂದ ಸರಿಯಬೇಕು, ಸರಿದರೆ ಹುದ್ದೆ ನನಗೆ. ಅದಕ್ಕೇ ಆ ಮಾತನ್ನು ತನಗೆ ಅತ್ತೆಯಾಗುವವರ ಬಾಯಿಂದಲೇ ಆಡಿಸಿದಳು. ಎಂಟು ದಿನದೊಳಗೆ ಆ ಮನೆಯವರು ಹುಡುಗಿ ಬೇಡ ಅಂದರು.

ನಾನು ಇಷ್ಟು ವರ್ಷ ಕರುಬಿದ ಆ ಒಂದು ಗೆಲುವಿನಲ್ಲಿ ವಿದ್ಯೆ ಇರಲೇ ಇಲ್ಲ, ಪರಿಚಯ ಇತ್ತು. ನಿಯಮದ ಪ್ರಕಾರ ಆ ಹುದ್ದೆ ನನ್ನದಾಗಬೇಕಿತ್ತು. ಒಂದು ಕ್ಷಣ ನನಗೆ ಎಷ್ಟು ಸಂತೋಷವಾಯಿತೆಂದರೆ, ಜೋರಾಗಿ ಕೂಗಬೇಕು ಅನ್ನಿಸಿತು. ಆ ಸಂತೋಷದಲ್ಲೇ ಕೇಳಿದೆ, ಹುಡುಗ ಹೇಗಿದ್ದ ಅಂತ.

"ಹುಡುಗ ಛಲೋ ಇದ್ದ ಅಕ್ಕಾ. ಭಾಳ ಛಲೋ ಇದ್ದ."

ಗುಡಿಯಲ್ಲಿ ಅವಳು ಕಣ್ಣು ಮುಚ್ಚಿ ನಿಂತದ್ದು ಯಾಕೆ ಅಂತ ನನಗೆ ಈಗ ತಿಳಿಯಿತು. ನಾನು ಹುದ್ದೆ ಬೇಕು ಬೇಕು ಅಂತ ಹಂಬಲಿಸಿದ್ದೆ, ಅದಕ್ಕಾಗಿ ಕೊಟ್ಟದ್ದು ಒಂದು ದಿನದ ಹೋಳಿಗೆ. ಅವಳಂತೆ ಕೊಡಲು ನನ್ನಿಂದ ಆಗುತ್ತಿತ್ತೇ? ಆಗುತ್ತಿರಲಿಲ್ಲ. ಅದಕ್ಕೂ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು, ಹಳೆಯದಕ್ಕಿಂತ ಜೋರಾಗಿ.

ಡ್ರೈವರ್ ಬರುತ್ತಿದ್ದ. ಭಾಗ್ಯಶ್ರೀ ದನಿ ತಗ್ಗಿಸಿ, "ಈಗೇನ ಮಾಡ್ತಿ ಅಕ್ಕಾ? ಮ್ಯಾಲಿನವರಿಗಿ ಹೇಳ್ತಿ?" ಅಂದಳು. ಅವಳ ಕೆಲಸ, ಅವಳು ಪಾಠ ಹೇಳುವ ಆ ಮಹಡಿ, ಎಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು.

"ಊರಿಗೆಲ್ಲ ಮಾವ ಅಂತ ಸರ್ ಮುಂದ ಹೇಳಿಕಿ ಕೊಟ್ಟೀನಿ" ಅಂದೆ. "ನಾ ಒಮ್ಮಿ ಕೊಟ್ಟ ಹೇಳಿಕಿ ಬದಲಸಾಂಗಿಲ್ಲ."

ಅವಳು ಚಿಪ್ಪಿನಿಂದ ಒಂದು ಹಣ್ಣು ಕಿತ್ತು ನನ್ನ ಕೈಯಲ್ಲಿಟ್ಟಳು. ಈ ಸಲ ಅಲ್ಲೇ ನಿಂತು ಸುಲಿದು ತಿಂದೆ. ಸಿಹಿಯಾಗಿತ್ತು. ಅದಕ್ಕೂ ನನಗೆ ಸಿಟ್ಟು ಬಂತು.